ಕರಾಟೆ ಬೆಲ್ಟಿಗೆ ಬಣ್ಣ ಬಂದದ್ದು ಎಲ್ಲಿಂದ? ತುಮಕೂರಿನ ಮೈದಾನದಿಂದ ಟೋಕಿಯೋ, ಪ್ಯಾರಿಸ್ ತನಕ ಒಂದು ಲೆಕ್ಕಾಚಾರ

ಭಾನುವಾರ ಬೆಳಗ್ಗೆ ತುಮಕೂರಿನ ಯಾವುದಾದರೂ ಬಡಾವಣೆಯಲ್ಲಿ ಒಂದು ಸುತ್ತು ಹಾಕಿ ಬನ್ನಿ. ಶಾಲೆಯ ಮೈದಾನದಲ್ಲೋ, ಪಾರ್ಕಿನ ಮೂಲೆಯಲ್ಲೋ, ಕಲ್ಯಾಣ ಮಂಟಪದ ಮಹಡಿ ಮೇಲೋ ಬಿಳಿ ಬಟ್ಟೆ ತೊಟ್ಟ ಮಕ್ಕಳು ಸಾಲಾಗಿ ನಿಂತು "ಇಚಿ, ನಿ, ಸಾನ್, ಶಿ" ಅಂತ ಜಪಾನಿ ಭಾಷೆಯಲ್ಲಿ ಎಣಿಸುತ್ತಾ ಗಾಳಿಗೆ ಗುದ್ದುತ್ತಿರುತ್ತಾರೆ. ಬಿ.ಎಚ್. ರಸ್ತೆ ಹಿಡಿದು ಗುಬ್ಬಿಗೆ ಹೋದರೂ ಇದೇ ನೋಟ, ಕುಣಿಗಲ್‌ಗೆ ಹೋದರೂ ಇದೇ. ಮಕ್ಕಳು ಏನು ಕಲಿತರು ಅಂತ ಕೇಳೋರು ಕಮ್ಮಿ. "ಯಾವ ಬೆಲ್ಟು?" ಅಂತ ಕೇಳೋರೇ ಎಲ್ಲ. ಹಳದಿ ಅಂದರೆ "ಓ, ಈಗ ಶುರು", ಕಂದು ಅಂದರೆ "ಪರವಾಗಿಲ್ವೇ", ಕಪ್ಪು ಅಂದರೆ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಫ್ಲೆಕ್ಸು.

ಈ ಬಣ್ಣಗಳನ್ನು ನಿಗದಿ ಮಾಡಿದ್ದು ಯಾರು? ಹಸಿರು ಆದ ಮೇಲೆ ನೀಲಿ ಅಂತ ಯಾವ ಶಾಸ್ತ್ರದಲ್ಲಿ ಬರೆದಿದೆ? ಒಂದು ಕ್ಲಾಸಿನ ಕಪ್ಪು ಬೆಲ್ಟು ಇನ್ನೊಂದು ಕ್ಲಾಸಿನಲ್ಲಿ ನಡೆಯುತ್ತಾ? ಮೇಲ್ನೋಟಕ್ಕೆ ಇವು ಕ್ವಿಜ್ ಪ್ರಶ್ನೆಗಳ ಹಾಗೆ ಕಾಣುತ್ತವೆ. ಆದರೆ ಗಾರ್ಮೆಂಟ್ಸಿಗೆ ಹೋಗೋ ತಾಯಿಯೊಬ್ಬಳು ಮಗಳು ರಸ್ತೆಯಲ್ಲಿ ಧೈರ್ಯವಾಗಿ ಓಡಾಡಲಿ ಅಂತ ಸಂಬಳದಲ್ಲಿ ಮುರಿದು ಫೀಸು ಕಟ್ಟುವಾಗ, ಆ ದುಡ್ಡು ವಿದ್ಯೆಗೆ ಹೋಗ್ತಿದೆಯೋ ಬಣ್ಣಕ್ಕೆ ಹೋಗ್ತಿದೆಯೋ ಅನ್ನೋದು ಕ್ವಿಜ್ ಪ್ರಶ್ನೆ ಆಗಿ ಉಳಿಯೋದಿಲ್ಲ.

ಒಗೆಯದ ಬೆಲ್ಟಿನ ಕಥೆ

ಕರಾಟೆ ಕ್ಲಾಸಿಗೆ ಹೋದವರೆಲ್ಲ ಒಮ್ಮೆಯಾದರೂ ಕೇಳಿರೋ ಕಥೆ ಒಂದಿದೆ. ಹಿಂದಿನ ಕಾಲದಲ್ಲಿ ಎಲ್ಲರಿಗೂ ಬಿಳಿ ಬೆಲ್ಟೇ ಅಂತೆ. ಬಟ್ಟೆ ಒಗೆಯಬಹುದು, ಬೆಲ್ಟು ಮಾತ್ರ ಒಗೆಯಕೂಡದಂತೆ. ಬೆವರಿಗೆ ಅದು ಹಳದಿ ಆಯ್ತು, ಹುಲ್ಲಿನ ಕಲೆಗೆ ಹಸಿರಾಯ್ತು, ಮಣ್ಣು ಹತ್ತಿ ಕಂದು ಆಯ್ತು, ವರ್ಷಾನುಗಟ್ಟಲೆ ಕೊಳೆ ರಕ್ತ ಎಲ್ಲ ಸೇರಿ ಕಪ್ಪಾಯ್ತು. ಕೇಳೋಕೆ ಚೆನ್ನಾಗಿದೆ. ಆದರೆ ಈ ಲೆಕ್ಕದಲ್ಲಿ ನಮ್ಮ ಬಯಲುಸೀಮೆಯ ಕೆಮ್ಮಣ್ಣಿನಲ್ಲಿ ಉರುಳಾಡಿದವರಿಗೆಲ್ಲ ಒಂದೇ ವಾರಕ್ಕೆ ಕೆಂಪು ಬೆಲ್ಟು ಬಂದುಬಿಡಬೇಕಿತ್ತು. ಜೂಡೋದಲ್ಲಿ ಕೆಂಪು ಬೆಲ್ಟು ಅಂದರೆ ಒಂಬತ್ತನೇ, ಹತ್ತನೇ ಡಾನ್. ಇಡೀ ಜಗತ್ತಿನಲ್ಲಿ ಬೆರಳೆಣಿಕೆಯಷ್ಟು ಹಿರಿಯರಿಗೆ ಸಿಗೋದು!

ಕಥೆ ಸುಳ್ಳು ಅನ್ನೋಕೆ ಹೆಚ್ಚು ವಾದ ಬೇಕಿಲ್ಲ. ಕೊಳೆಯಾಗಿ ಕಪ್ಪಾಗೋಕೆ ಆ ಬಿಳಿ ಬೆಲ್ಟೇ ಹಿಂದಿನ ಕಾಲದಲ್ಲಿ ಇರಲಿಲ್ಲ. ಬೆಲ್ಟು ಕಟ್ಟಿ ದರ್ಜೆ ತೋರಿಸೋ ಪದ್ಧತಿಗೆ ಇನ್ನೂ ಒಂದೂವರೆ ಶತಮಾನ ತುಂಬಿಲ್ಲ. ಅದನ್ನು ತಂದವರು ಹಿಮಾಲಯದ ಸನ್ಯಾಸಿಯೂ ಅಲ್ಲ, ಸಮುರಾಯಿಯೂ ಅಲ್ಲ. ಒಬ್ಬ ಮೇಷ್ಟ್ರು.

ಅವರ ಹೆಸರು ಜಿಗೊರೊ ಕಾನೊ. 1860ರಲ್ಲಿ ಹುಟ್ಟಿದವರು. ಟೋಕಿಯೋದ ಶಿಕ್ಷಕರ ತರಬೇತಿ ಕಾಲೇಜಿಗೆ ವರ್ಷಗಟ್ಟಲೆ ಪ್ರಾಂಶುಪಾಲರಾಗಿದ್ದರು. 1909ರಲ್ಲಿ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಗೆ ಆಯ್ಕೆಯಾದ ಮೊದಲ ಏಷ್ಯಾದವರು ಕೂಡ ಅವರೇ. 1882ರಲ್ಲಿ ಟೋಕಿಯೋದ ಒಂದು ದೇವಸ್ಥಾನದ ಕೋಣೆಯಲ್ಲಿ ಕೆಲವೇ ವಿದ್ಯಾರ್ಥಿಗಳನ್ನು ಇಟ್ಟುಕೊಂಡು ಅವರು ಕೊಡೋಕಾನ್ ಜೂಡೋ ಶಾಲೆ ಶುರು ಮಾಡಿದರು. ಕಾಲದ ಅಂದಾಜು ಬೇಕಿದ್ದರೆ, ಇದಾಗಿ ಎರಡು ವರ್ಷಕ್ಕೆ, 1884ರಲ್ಲಿ, ಇತ್ತ ನಮ್ಮ ಗುಬ್ಬಿಯಲ್ಲಿ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟಿತು. ಅಂದರೆ 'ಪುರಾತನ' ಅಂತ ನಾವು ಕೈ ಮುಗಿಯೋ ಬೆಲ್ಟು ಪದ್ಧತಿ ಗುಬ್ಬಿ ಕಂಪನಿಯ ಓರಗೆಯದು.

ಕಾನೊಗಿಂತ ಮುಂಚೆ ಜಪಾನಿನ ಜುಜುತ್ಸು ಗರಡಿಗಳಲ್ಲಿ ಏನಿತ್ತು? ಸುರುಳಿ ಕಾಗದದ ಪರವಾನಗಿಗಳಿದ್ದವು. ಶಿಷ್ಯ ಹತ್ತು ಹದಿನೈದು ವರ್ಷ ಗುರುವಿನ ಹತ್ತಿರ ದುಡಿದರೆ, ಗುರುವಿಗೆ ಮನಸ್ಸು ಬಂದರೆ, "ಇವನಿಗೆ ಇಷ್ಟು ವಿದ್ಯೆ ಹೇಳಿದ್ದೇನೆ" ಅಂತ ಒಂದು ಸುರುಳಿ. ಕೊನೆಗೆ "ಎಲ್ಲವನ್ನೂ ಹೇಳಿಕೊಟ್ಟಿದ್ದೇನೆ" ಅನ್ನೋ ಮೆನ್‌ಕ್ಯೊ ಕೈಡೆನ್. ನಡುವೆ ಎರಡೋ ಮೂರೋ ಮೆಟ್ಟಿಲು ಅಷ್ಟೆ. ಯಾರಿಗೆ ಯಾವಾಗ ಕೊಡಬೇಕು ಅನ್ನೋದು ಪೂರ್ತಿ ಗುರುವಿನ ಮರ್ಜಿ. ಗುರುವಿನ ಮರ್ಜಿ ಅಂದರೆ ಏನು ಅಂತ ಏಕಲವ್ಯನ ಕಥೆ ಕೇಳಿ ಬೆಳೆದ ನಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಕಾನೊ ಈ ಉದ್ದದ ದಾರಿಯನ್ನು ತುಂಡು ತುಂಡು ಮಾಡಿದರು. ಇಗೋ ಅನ್ನೋ ಕಪ್ಪು-ಬಿಳಿ ಕಾಯಿಗಳ ಆಟದಲ್ಲಿ ಆಟಗಾರರಿಗೆ 'ಡಾನ್' ಅನ್ನೋ ಒಂಬತ್ತು ದರ್ಜೆಗಳಿದ್ದವು. 17ನೇ ಶತಮಾನದಲ್ಲಿ ಹೊನಿನ್‌ಬೊ ದೊಸಾಕು ಅನ್ನೋ ಆಟಗಾರ ಅದಕ್ಕೊಂದು ಚೌಕಟ್ಟು ಹಾಕಿದ್ದ. ಆ ಏಣಿಯನ್ನೇ ಕಾನೊ ಕುಸ್ತಿಯ ಚಾಪೆಗೆ ತಂದರು. 1883ರಲ್ಲಿ ಇಬ್ಬರು ಶಿಷ್ಯರಿಗೆ, ತೊಮಿತಾ ತ್ಸುನೆಜಿರೊ ಮತ್ತು ಸೈಗೊ ಶಿರೊ ಅವರಿಗೆ, ಮೊದಲ ಡಾನ್ ಕೊಟ್ಟರು. ಆಗಲೂ ಬೆಲ್ಟಿನ ಸುದ್ದಿ ಇಲ್ಲ. 1886ರ ಹೊತ್ತಿಗೆ ಡಾನ್ ಪಡೆದವರು ಕಿಮೋನೊ ಮೇಲೆ ಕಪ್ಪು ನಡುಪಟ್ಟಿ ಕಟ್ಟೋದು ರೂಢಿಗೆ ಬಂತು. ನಾವು ಈಗ ನೋಡೋ ದಪ್ಪ ಬಿಳಿ ಅಂಗಿ, ಅದರ ಮೇಲೆ ಗಂಟು ಹಾಕೋ ಬೆಲ್ಟು ಬಂದದ್ದು 1907ರ ಸುಮಾರಿಗೆ. ಎರಡೇ ಬಣ್ಣ: ಬಿಳಿ, ಕಪ್ಪು. ಮೇಷ್ಟ್ರಿಗೆ ಬೇಕಾಗಿದ್ದದ್ದು ಇಷ್ಟೆ, ಚಾಪೆ ಮೇಲೆ ಇಳಿದ ತಕ್ಷಣ ಯಾರನ್ನು ಜೋರಾಗಿ ಎತ್ತಿ ಒಗೆಯಬಹುದು, ಯಾರನ್ನು ನೋಡಿಕೊಂಡು ಬೀಳಿಸಬೇಕು ಅಂತ ಗೊತ್ತಾಗಬೇಕು. ಬೈಕಿನ ಮೇಲೆ 'ಎಲ್' ಬೋರ್ಡು ಹಾಕ್ತೀವಲ್ಲ, ಹಾಗೆ.

ಮೊದಲ ಡಾನ್‌ಗೆ ಜಪಾನಿಯಲ್ಲಿ 'ಶೋದಾನ್' ಅಂತಾರೆ. 'ಶೋ' ಅಂದರೆ ಆರಂಭ. ಅಕ್ಷರಾಭ್ಯಾಸ ಮುಗೀತು, ಇನ್ನು ಓದೋಕೆ ಶುರು ಮಾಡಬಹುದು ಅನ್ನೋ ಅರ್ಥ. ನಮ್ಮಲ್ಲಿ ಅದಕ್ಕೆ ಸನ್ಮಾನ, ಶಾಲು, ಹಾರ.

ಒಕಿನಾವಾ ತೆತ್ತ ಬೆಲೆ

ಇಲ್ಲಿಯವರೆಗೂ ಹೇಳಿದ್ದು ಜೂಡೋ ಕಥೆ. ಕರಾಟೆ ಬೇರೆ ಊರಿನದು, ಅದರ ಕಥೆಯಲ್ಲಿ ರಾಜಕೀಯ ಜಾಸ್ತಿ.

ಕರಾಟೆ ಹುಟ್ಟಿದ್ದು ಒಕಿನಾವಾ ದ್ವೀಪಗಳಲ್ಲಿ. ಅದು ರ್‍ಯೂಕ್ಯೂ ಅನ್ನೋ ಬೇರೆಯೇ ರಾಜ್ಯ; ಭಾಷೆ ಬೇರೆ, ಚೀನಾ ಜೊತೆ ಶತಮಾನಗಳ ನಂಟು. 1879ರಲ್ಲಿ ಜಪಾನ್ ಅದನ್ನು ನುಂಗಿ ತನ್ನದೊಂದು ಜಿಲ್ಲೆ ಮಾಡಿಕೊಂಡಿತು. ಅಲ್ಲಿನವರು ತಮ್ಮ ವಿದ್ಯೆಗೆ ಕೊಟ್ಟಿದ್ದ ಹೆಸರನ್ನು ಬರೆಯುತ್ತಿದ್ದದ್ದು 'ಚೀನಾದ ಕೈ' ಅನ್ನೋ ಅರ್ಥದ ಅಕ್ಷರಗಳಲ್ಲಿ. ಮನೆಯ ಹಿತ್ತಲಲ್ಲಿ, ರಾತ್ರಿ ಹೊತ್ತು, ಉಟ್ಟ ಬಟ್ಟೆಯಲ್ಲೇ ಕಲಿಯುತ್ತಿದ್ದರು. ಯೂನಿಫಾರ್ಮಿಲ್ಲ, ದರ್ಜೆಯಿಲ್ಲ, ಬೆಲ್ಟಿನ ಪ್ರಶ್ನೆಯೇ ಇಲ್ಲ. 1901ರಲ್ಲಿ ಇತೋಸು ಅಂಕೊ ಅನ್ನೋ ಹಿರಿಯರು ಅದನ್ನು ಶಾಲೆಯೊಳಕ್ಕೆ ತಂದರು. 1908ರಲ್ಲಿ ಅವರು ಶಿಕ್ಷಣ ಇಲಾಖೆಗೆ, ಸೇನಾ ಇಲಾಖೆಗೆ ಒಂದು ಪತ್ರ ಬರೆದರು. ಮಕ್ಕಳಿಗೆ ಚಿಕ್ಕಂದಿನಲ್ಲೇ ಇದನ್ನು ಕಲಿಸಿದರೆ ಮುಂದೆ ಸೇನೆಗೂ ಉಪಯೋಗ ಅನ್ನೋ ವಾದವೂ ಅದರಲ್ಲಿತ್ತು. ಇವತ್ತು ನಮ್ಮ ಶಾಲೆಗಳ ಮೈದಾನದಲ್ಲಿ ಮಕ್ಕಳು ಸಾಲಾಗಿ ನಿಂತು ಒಂದೇ ಎಣಿಕೆಗೆ ಗುದ್ದುತ್ತಾರಲ್ಲ, ಅದರ ಬೇರು ಅಲ್ಲಿದೆ. ಗುರು-ಶಿಷ್ಯ ಇಬ್ಬರೇ ಮಾಡ್ತಿದ್ದ ಸಾಮು ಸರ್ಕಾರಿ ಡ್ರಿಲ್ ಆಯ್ತು.

1922ರಲ್ಲಿ ಗಿಚಿನ್ ಫುನಾಕೋಶಿ ಅನ್ನೋ ಒಕಿನಾವಾದ ಶಾಲಾ ಮೇಷ್ಟ್ರು (ಇವರೂ ಮೇಷ್ಟ್ರೇ ನೋಡಿ) ಟೋಕಿಯೋಗೆ ಬಂದು ಕರಾಟೆ ತೋರಿಸಿದರು. ಕಾನೊ ಅವರನ್ನು ಕೊಡೋಕಾನ್‌ಗೆ ಕರೆಸಿಕೊಂಡರು. ಮುಖ್ಯ ದ್ವೀಪದ ಜನರ ಕಣ್ಣಲ್ಲಿ ಒಕಿನಾವಾದವರು ಹಳ್ಳಿಗರು, ಅರೆ-ಪರಕೀಯರು. ಅಂಥ ಜಾಗದಲ್ಲಿ ನಿಮ್ಮ ವಿದ್ಯೆಗೆ ಮರ್ಯಾದೆ ಸಿಗಬೇಕು ಅಂದರೆ ಅಲ್ಲಿ ಮರ್ಯಾದೆ ಇರೋದರ ವೇಷ ತೊಡಬೇಕು. ಫುನಾಕೋಶಿ ಜೂಡೋದಿಂದ ಅಂಗಿ ತಗೊಂಡರು, ಡಾನ್ ತಗೊಂಡರು, ಬೆಲ್ಟೂ ತಗೊಂಡರು. 1924ರಲ್ಲಿ ಏಳು ಜನರಿಗೆ ಕರಾಟೆಯ ಮೊದಲ ಕಪ್ಪು ಬೆಲ್ಟುಗಳನ್ನು ಕೊಟ್ಟರು. ಮುಂದೆ ವಾಡೊ-ರ್‍ಯೂ ಅನ್ನೋ ಶೈಲಿ ಕಟ್ಟಿದ ಹಿರೊನೊರಿ ಓತ್ಸುಕಾ ಆ ಏಳು ಜನರಲ್ಲಿ ಒಬ್ಬರು.

ವೇಷದ ಜೊತೆ ಹೆಸರೂ ಹೋಯ್ತು. 1930ರ ದಶಕದ ಜಪಾನಿನಲ್ಲಿ, ಚೀನಾ ಮೇಲೆ ಯುದ್ಧದ ಹುಮ್ಮಸ್ಸಿನ ನಡುವೆ, 'ಚೀನಾದ ಕೈ' ಅಂತ ಹೆಸರಿಟ್ಟುಕೊಂಡು ಬದುಕೋದು ಕಷ್ಟ. ಅದೇ ಉಚ್ಚಾರದ ಬೇರೆ ಅಕ್ಷರ ಹಾಕಿ 'ಬರಿಗೈ' ಅಂತ ಮಾಡಿದರು. 'ಕರಾಟೆ ಅಂದರೆ ಬರಿಗೈ, ಆಯುಧ ಇಲ್ಲದ ಕಲೆ' ಅಂತ ಎಲ್ಲ ಕ್ಲಾಸಿನಲ್ಲೂ ಮೊದಲ ದಿನ ಹೇಳ್ತಾರೆ. ಆ ಸುಂದರ ಅರ್ಥ ಬಂದದ್ದು ಹೀಗೆ. ಊರುಗಳ ಹೆಸರು ಬದಲಾಯಿಸೋ ರಾಜಕಾರಣ ನೋಡ್ತಿರೋ ನಮಗೆ ಇದರಲ್ಲಿ ಹೊಸದೇನೂ ಕಾಣಲಿಕ್ಕಿಲ್ಲ.

ಹಾಗಾದರೆ ಹಳದಿ, ಹಸಿರು, ನೀಲಿ? ಅವು ಯುರೋಪಿನ ಸರಕು. 1920ರ ದಶಕದ ಕೊನೆ ಹೊತ್ತಿಗೆ ಲಂಡನ್ನಿನ ಬುಡೋಕ್ವಾಯ್ ಅನ್ನೋ ಜೂಡೋ ಕ್ಲಬ್ಬಿನಲ್ಲಿ ಬಣ್ಣದ ಬೆಲ್ಟುಗಳು ಕಾಣಿಸಿಕೊಂಡವು. 1935ರಲ್ಲಿ ಪ್ಯಾರಿಸ್ಸಿಗೆ ಕಲಿಸೋಕೆ ಹೋದ ಮಿಕಿನೊಸುಕೆ ಕವಾಯಿಶಿ ಅದನ್ನು ವ್ಯವಸ್ಥಿತವಾಗಿ ಬಳಸಿದರು. ಕಾರಣ ಸರಳ. ಆಫೀಸು ಮುಗಿಸಿಕೊಂಡು ವಾರಕ್ಕೆರಡು ಸಂಜೆ ಬರೋ ಪ್ಯಾರಿಸ್ಸಿನ ಗುಮಾಸ್ತನಿಗೆ ಬಿಳಿಯಿಂದ ಕಪ್ಪಿಗೆ ನಾಲ್ಕೈದು ವರ್ಷ ಕಾಯಿ ಅಂದರೆ ಮೂರನೇ ತಿಂಗಳಿಗೆ ಬಿಟ್ಟು ಹೋಗ್ತಾನೆ. ನಡುವೆ ಹಳದಿ, ಕಿತ್ತಳೆ, ಹಸಿರು, ನೀಲಿ ಅಂತ ನಿಲ್ದಾಣಗಳಿದ್ದರೆ ಬಸ್ಸಲ್ಲೇ ಕೂತಿರ್ತಾನೆ. ನಾಲ್ಕು ವರ್ಷದ ಇಂಜಿನಿಯರಿಂಗನ್ನು ಎಂಟು ಸೆಮಿಸ್ಟರು, ಅದರೊಳಗೆ ಮೂರು ಮೂರು ಇಂಟರ್ನಲ್ಸು ಅಂತ ಕತ್ತರಿಸಿ ನಮ್ಮನ್ನೆಲ್ಲ ದಡ ಹತ್ತಿಸಿದರಲ್ಲ, ಅದೇ ತಂತ್ರ. ಮೊಬೈಲ್ ಗೇಮಿನಲ್ಲಿ ಲೆವೆಲ್ ದಾಟಿದಾಗ ಪಟಾಕಿ ಹೊಡೆಯೋದೂ ಅದೇ.

ಇದನ್ನು ಮೋಸ ಅನ್ನೋಕೆ ನಾನು ತಯಾರಿಲ್ಲ. ಒಂಬತ್ತು ವರ್ಷದ ಮಗುವಿಗೆ ಗುರಿ ಕಣ್ಣಿಗೆ ಕಾಣೋಷ್ಟು ಹತ್ತಿರ ಇರಬೇಕು. ಯಾರ ಮಗ, ಯಾವ ಜಾತಿ, ಯಾವ ಕಾರಲ್ಲಿ ಬರ್ತಾನೆ ಅನ್ನೋದನ್ನು ಪಕ್ಕಕ್ಕಿಟ್ಟು, ಎಲ್ಲರ ಎದುರು ಒಂದೇ ಪರೀಕ್ಷೆ ಮಾಡಿ, ಪಾಸಾದವರಿಗೆಲ್ಲ ಒಂದೇ ಬಣ್ಣ ಕಟ್ಟೋದರಲ್ಲಿ ಒಂದು ಪ್ರಜಾಪ್ರಭುತ್ವ ಇದೆ. ಗುರುವಿನ ಸುರುಳಿ ಕಾಗದಕ್ಕಿಂತ ಇದು ಎಷ್ಟೋ ವಾಸಿ.

ಬಣ್ಣಕ್ಕೆ ಕೋಡ್ ಇಲ್ಲ

ತೊಂದರೆ ಬರೋದು ಬಣ್ಣಕ್ಕೆ ಎಲ್ಲ ಕಡೆ ಒಂದೇ ಅರ್ಥ ಇದೆ ಅಂದುಕೊಂಡಾಗ. ಎಲೆಕ್ಟ್ರಾನಿಕ್ಸ್ ಓದಿದವರಿಗೆ ರೆಸಿಸ್ಟರ್ ಮೇಲಿನ ಬಣ್ಣದ ಪಟ್ಟಿ ನೆನಪಿರುತ್ತೆ. ಕಪ್ಪು ಅಂದರೆ 0, ಕಂದು 1, ಕೆಂಪು 2, ಹಾಗೇ ಹೋಗಿ ಬಿಳಿ ಅಂದರೆ 9. ತುಮಕೂರಿನ ಲ್ಯಾಬಿನಲ್ಲಿ ಹಳದಿ ಪಟ್ಟಿ ನಾಲ್ಕು ಅಂದರೆ ಜರ್ಮನಿಯಲ್ಲೂ ನಾಲ್ಕೇ. ಅದಕ್ಕೊಂದು ಅಂತಾರಾಷ್ಟ್ರೀಯ ಮಾನದಂಡ ಇದೆ. (ಕಪ್ಪು ಸೊನ್ನೆ, ಬಿಳಿ ಒಂಬತ್ತು. ಕರಾಟೆಗೆ ಸರಿಯಾಗಿ ಉಲ್ಟಾ.)

ಬೆಲ್ಟಿಗೆ ಅಂಥ ಮಾನದಂಡ ಇಲ್ಲವೇ ಇಲ್ಲ. ಶೋಟೊಕಾನ್ ಕಲಿಸೋ ಹೆಚ್ಚಿನ ಕಡೆ ಬಿಳಿ ಆದ ಮೇಲೆ ಹಳದಿ ಅಥವಾ ಕಿತ್ತಳೆ, ಆಮೇಲೆ ಹಸಿರು, ನೀಲಿ ಅಥವಾ ನೇರಳೆ, ಕಂದು, ಕಪ್ಪು. ಕ್ಯೋಕುಶಿನ್ ಶೈಲಿಯಲ್ಲಿ ಬಿಳಿ, ಕಿತ್ತಳೆ, ನೀಲಿ, ಹಳದಿ, ಹಸಿರು, ಕಂದು, ಕಪ್ಪು. ಅಂದರೆ ಒಂದು ಕಡೆ ಹಳದಿ ಕಟ್ಟಿದವಳು ನಿನ್ನೆ ಮೊನ್ನೆ ಸೇರಿದವಳು, ಇನ್ನೊಂದು ಕಡೆ ಹಳದಿ ಕಟ್ಟಿದವಳು ನೀಲಿಯನ್ನೂ ದಾಟಿ ಬಂದವಳು. ಅಪ್ಪನಿಗೆ ತುಮಕೂರಿಂದ ಕುಣಿಗಲ್‌ಗೆ ವರ್ಗ ಆಗಿ ಕ್ಲಾಸು ಬದಲಾಯಿಸಿದ ಹುಡುಗಿಗೆ "ನಿಂದು ನಡೆಯಲ್ಲಮ್ಮ, ಮತ್ತೆ ಬಿಳಿಯಿಂದ ಶುರು ಮಾಡು" ಅಂತ ಹೇಳೋಕೆ ಹೊಸ ಕ್ಲಾಸಿಗೆ ಪೂರ್ತಿ ಸ್ವಾತಂತ್ರ್ಯ ಇದೆ. ಟೇಕ್ವಾಂಡೋದಲ್ಲಿ ಕಂದೇ ಇಲ್ಲ. ಕಪ್ಪಿಗಿಂತ ಮುಂಚಿನದು ಕೆಂಪು. ಜೂಡೋದಲ್ಲಿ ಅದೇ ಕೆಂಪು ತುತ್ತತುದಿ. ಬ್ರೆಜಿಲಿಯನ್ ಜಿಯು-ಜಿತ್ಸುವಿನಲ್ಲಿ ದೊಡ್ಡವರಿಗೆ ಬಿಳಿ, ನೀಲಿ, ನೇರಳೆ, ಕಂದು, ಕಪ್ಪು ಅಂತ ಐದೇ ಮೆಟ್ಟಿಲು, ಕಪ್ಪಿಗೆ ಹತ್ತಿರ ಹತ್ತಿರ ಹತ್ತು ವರ್ಷ ಹಿಡಿಯೋದು ಮಾಮೂಲು.

'ಬಿಳಿ ಅಂದರೆ ಮುಗ್ಧತೆ, ಹಳದಿ ಅಂದರೆ ಬೀಜ ಬಿದ್ದ ಭೂಮಿ, ಹಸಿರು ಅಂದರೆ ಚಿಗುರು, ನೀಲಿ ಅಂದರೆ ಆಕಾಶ' ಅನ್ನೋ ತತ್ವಜ್ಞಾನ ಕ್ಲಾಸುಗಳ ಗೋಡೆ ಮೇಲೆ ನೋಡಿರ್ತೀರಿ. ಇದು ಟೇಕ್ವಾಂಡೋ ಕಟ್ಟಿದವರಲ್ಲಿ ಪ್ರಮುಖರಾದ ದಕ್ಷಿಣ ಕೊರಿಯಾದ ಸೇನಾಧಿಕಾರಿ ಚೋಯ್ ಹಾಂಗ್ ಹಿ ಕೊಟ್ಟ ವಿವರಣೆಯ ನೆರಳು. ಆ ಹೆಸರು ಚಾಲ್ತಿಗೆ ಬಂದದ್ದೇ 1955ರಲ್ಲಿ. ಬಣ್ಣ ಮೊದಲು ಬಂತು, ಅರ್ಥ ಆಮೇಲೆ ಬಂದು ಕೂತಿತು. ಕರಾಟೆ ಕ್ಲಾಸಿನವರು ಅದನ್ನೇ ಎರವಲು ತಂದು, ತಮ್ಮಲ್ಲಿರೋ ಕಿತ್ತಳೆಗೂ ನೇರಳೆಗೂ ಹೊಂದುವ ಹಾಗೆ ಒಂದೊಂದು ಸಾಲು ಸೇರಿಸಿಕೊಳ್ತಾರೆ.

ಬೆಲ್ಟು ಯಾರನ್ನು ಮೇಲೆತ್ತುತ್ತೆ ಅನ್ನೋದರ ಜೊತೆ ಯಾರನ್ನು ತಡೆದು ನಿಲ್ಲಿಸಿತು ಅನ್ನೋದೂ ಗೊತ್ತಿರಲಿ. ಕೇಕೊ ಫುಕುದಾ ಕಾನೊ ಅವರ ಕೈಯಲ್ಲೇ ಕಲಿತವರು. ಕಾನೊಗೆ ಜುಜುತ್ಸು ಕಲಿಸಿದ ಗುರುವಿನ ಮೊಮ್ಮಗಳು. ಆದರೆ ಕೊಡೋಕಾನ್‌ನಲ್ಲಿ ಹೆಂಗಸರಿಗೆ ಐದನೇ ಡಾನ್ ಮೇಲೆ ಬಾಗಿಲು ಮುಚ್ಚಿತ್ತು. ಗಂಡಸರು ಆರು, ಏಳು, ಎಂಟು ಅಂತ ಹತ್ತುತ್ತಾ ಹೋದರೆ ಫುಕುದಾ ಅಲ್ಲೇ ನಿಂತರು. ಈ ನಿಯಮದ ವಿರುದ್ಧ ದನಿ ಎದ್ದ ಮೇಲೆ 1972ರಲ್ಲಿ ಅವರಿಗೂ ಮಸಾಕೊ ನೊರಿತೊಮಿ ಅವರಿಗೂ ಆರನೇ ಡಾನ್ ಸಿಕ್ಕಿತು. ಕೊಡೋಕಾನ್ ಒಂಬತ್ತನೇ ಡಾನ್ ಕೊಟ್ಟಾಗ, 2006ರಲ್ಲಿ, ಅವರಿಗೆ ತೊಂಬತ್ತು ದಾಟಿತ್ತು. ಜಪಾನಿನಲ್ಲಿ ಹೆಂಗಸರ ಕಪ್ಪು ಬೆಲ್ಟಿನ ನಡುವೆ ಉದ್ದಕ್ಕೂ ಒಂದು ಬಿಳಿ ಗೆರೆ ಇರ್ತಿತ್ತು. ಕಪ್ಪೇ, ಆದರೆ ಗಂಡಸರ ಕಪ್ಪಲ್ಲ ಅಂತ.

ಗರಡಿಯಲ್ಲಿ ಬೆಲ್ಟ್ ಇರಲಿಲ್ಲ

ನಮ್ಮ ಗರಡಿ ಮನೆಗಳನ್ನು ನೆನೆಸಿಕೊಳ್ಳಿ. ಅರಿಶಿನ, ಎಣ್ಣೆ ಬೆರೆಸಿದ ಕೆಂಪು ಮಟ್ಟಿ, ಲಂಗೋಟ, ಉಸ್ತಾದ. ಎಷ್ಟು ಕಲಿತಿದ್ದಾನೆ ಅಂತ ಹೇಳೋ ಗುರುತು ಪೈಲ್ವಾನನ ಮೈಮೇಲೆ ಯಾವುದೂ ಇಲ್ಲ. ಮೈಸೂರು ದಸರಾ ಕುಸ್ತಿಗೆ ಮುಂಚೆ 'ಜೋಡಿ ಕಟ್ಟುವ' ದಿನ ಅಂತ ಇರುತ್ತೆ. ಹಿರಿಯರು ಹುಡುಗರ ಮೈಕಟ್ಟು, ತೂಕ, ಹಿಂದಿನ ಕುಸ್ತಿ ಎಲ್ಲ ನೋಡಿ ಇವನಿಗೆ ಅವನು ಸರಿ ಅಂತ ಕೈಗೆ ಕೈ ಸೇರಿಸ್ತಾರೆ. ಬೆಲ್ಟು ಮಾಡೋ ಕೆಲಸವನ್ನು ಅಲ್ಲಿ ಊರಿನ ಕಣ್ಣು ಮಾಡುತ್ತೆ. ಬಿರುದು, ಗದೆ ಎಲ್ಲ ಗೆದ್ದ ಮೇಲೆ. ಹಾಗಂತ ಗರಡಿಯನ್ನು ಹೊಗಳಿ ಮುಗಿಸೋಕೂ ಆಗಲ್ಲ. ಹೆಣ್ಣುಮಕ್ಕಳನ್ನು ಎಷ್ಟು ಗರಡಿಗಳು ಮಟ್ಟಿ ಮೇಲೆ ಬಿಟ್ಟವು? ಕರಾಟೆ ಕ್ಲಾಸು ಮೊದಲ ದಿನದಿಂದ ಹುಡುಗಿಯರನ್ನು ಹುಡುಗರ ಸಾಲಲ್ಲೇ ನಿಲ್ಲಿಸಿತು. ಸಣ್ಣ ಊರುಗಳಲ್ಲಿ ಇದು ದೊಡ್ಡ ವಿಷಯ.

ನಮ್ಮಲ್ಲಿಗೆ ಕರಾಟೆ ಹುಚ್ಚು ಬಂದದ್ದು ಸಿನಿಮಾ ಟಾಕೀಸಿನ ಮೂಲಕ. 1973ರ 'ಎಂಟರ್ ದಿ ಡ್ರ್ಯಾಗನ್' ಊರೂರಿಗೂ ಬ್ರೂಸ್ ಲೀ ಪೋಸ್ಟರು ತಂದಿತು, ಕನ್ನಡದಲ್ಲಿ ಶಂಕರ್‌ನಾಗ್ 'ಕರಾಟೆ ಕಿಂಗ್' ಆದರು. ತಮಾಷೆ ಏನು ಅಂದರೆ, ಬೆಲ್ಟಿನ ಆಸೆ ಹಚ್ಚಿದ ಬ್ರೂಸ್ ಲೀಗೆ ಬೆಲ್ಟಿನ ಮೇಲೆ ನಂಬಿಕೆಯೇ ಇರಲಿಲ್ಲ. ಅವರು ಕಲಿತ ವಿಂಗ್ ಚುನ್‌ನಲ್ಲೂ ಬಣ್ಣದ ಬೆಲ್ಟಿನ ಸಂಪ್ರದಾಯ ಇಲ್ಲ.

ಆಸೆ ಬಂತು, ಅದರ ಹಿಂದೆ ವ್ಯಾಪಾರ ಬಂತು. ಒಂದು ಉದಾಹರಣೆ ಲೆಕ್ಕ ಹಾಕೋಣ. ತಿಂಗಳ ಫೀಸು 600 ಅಂತಿಟ್ಟುಕೊಳ್ಳಿ. ಕಪ್ಪಿಗೆ ನಾಲ್ಕು ವರ್ಷ ಅಂದರೆ 28,800 ರೂಪಾಯಿ. ನಡುವೆ ಒಂಬತ್ತು ಗ್ರೇಡಿಂಗ್, ಒಂದಕ್ಕೆ ಸಾವಿರದಂತೆ 9,000. ಕಪ್ಪಿನ ಗ್ರೇಡಿಂಗ್ ಫೀಸು, ಅಂಗಿ, ಟೂರ್ನಮೆಂಟಿನ ಎಂಟ್ರಿ, ಬಸ್ ಚಾರ್ಜು ಬೇರೆ. ನಿಮ್ಮೂರಿನ ಕ್ಲಾಸಿನ ರೇಟು ಹಾಕಿ ನೀವೇ ಗುಣಿಸಿ ನೋಡಿ. ಗ್ರೇಡಿಂಗೇ ಕ್ಲಾಸಿನ ಆದಾಯ ಆದಾಗ ಯಾರನ್ನೂ ಫೇಲ್ ಮಾಡೋಕೆ ಮಾಸ್ಟರಿಗೆ ಮನಸ್ಸು ಬರಲ್ಲ. ಬಾಡಿಗೆ ಕಟ್ಟಬೇಕು, ಅವರಿಗೂ ಸಂಸಾರ ಇದೆ. ಎಂಟು ವರ್ಷದ ಮಗುವಿನ ನಡುವಿಗೆ ಕಪ್ಪು ಬೆಲ್ಟು ಬರೋದು ಹೀಗೆ. ಟೇಕ್ವಾಂಡೋದಲ್ಲಿ 15 ವರ್ಷದೊಳಗಿನವರಿಗೆ ಕಪ್ಪಿನ ಬದಲು 'ಪೂಮ್' ಅನ್ನೋ ಕೆಂಪು-ಕಪ್ಪು ಬೆಲ್ಟು ಕೊಡ್ತಾರೆ. ಅಂತಾರಾಷ್ಟ್ರೀಯ ಬ್ರೆಜಿಲಿಯನ್ ಜಿಯು-ಜಿತ್ಸು ಒಕ್ಕೂಟ 19 ತುಂಬದೆ ಕಪ್ಪು ಕೊಡಲ್ಲ. ಕರಾಟೆಯಲ್ಲಿ ಎಲ್ಲರನ್ನೂ ಕಟ್ಟಿಹಾಕೋ ಅಂಥ ಒಂದೇ ನಿಯಮ ಇಲ್ಲ.

ಸರ್ಟಿಫಿಕೇಟಿನ ಮೇಲಿರೋ 'ಇಂಟರ್‌ನ್ಯಾಷನಲ್', 'ವರ್ಲ್ಡ್', 'ಫೆಡರೇಷನ್' ಪದಗಳಿಗೂ ಮರುಳಾಗಬೇಡಿ. ಸೊಸೈಟಿ ನೋಂದಣಿ ಮಾಡಿಸಿ ಯಾರು ಬೇಕಾದರೂ ಇಡಬಹುದಾದ ಹೆಸರುಗಳವು. ದೇಶದ ಮಟ್ಟದಲ್ಲೇ ಗೊಂದಲ: 2020ರಲ್ಲಿ ವಿಶ್ವ ಕರಾಟೆ ಫೆಡರೇಷನ್, ಅಲ್ಲಿವರೆಗೂ ಭಾರತವನ್ನು ಪ್ರತಿನಿಧಿಸ್ತಿದ್ದ ಕರಾಟೆ ಅಸೋಸಿಯೇಷನ್ ಆಫ್ ಇಂಡಿಯಾದ ಮಾನ್ಯತೆಯನ್ನು ತಾತ್ಕಾಲಿಕವಾಗಿ ಕಿತ್ತುಕೊಂಡಿತು. ಕ್ಲಾಸಿನವರು ಹೆಮ್ಮೆಯಿಂದ ತೋರಿಸೋ ಗುರುಪರಂಪರೆಯ ಪಟ್ಟಿ ಕುಣಿಗಲ್ ಸ್ಟಡ್ ಫಾರಂನ ರೇಸ್ ಕುದುರೆಯ ವಂಶಾವಳಿಯ ಹಾಗೆ. ಅಪ್ಪ ಯಾರು, ತಾತ ಯಾರು ಅಂತ ಬರೆದಿರುತ್ತೆ. ಓಡುತ್ತೋ ಇಲ್ವೋ ಅನ್ನೋದು ಟ್ರ್ಯಾಕಿನಲ್ಲೇ ಗೊತ್ತಾಗಬೇಕು.

ಇನ್ನೆರಡು ಭ್ರಮೆ. 'ಬ್ಲ್ಯಾಕ್ ಬೆಲ್ಟ್ ಇದ್ದರೆ ಸ್ಪೋರ್ಟ್ಸ್ ಕೋಟಾ ಸಿಗುತ್ತೆ' ಅನ್ನೋದು ಒಂದು. ಕ್ರೀಡಾ ಕೋಟಾ ನೋಡೋದು ಮಾನ್ಯತೆ ಇರೋ ಸ್ಪರ್ಧೆಗಳಲ್ಲಿ ರಾಜ್ಯವನ್ನೋ ದೇಶವನ್ನೋ ವಿಶ್ವವಿದ್ಯಾಲಯವನ್ನೋ ಪ್ರತಿನಿಧಿಸಿದ್ದೀರಾ ಅಂತ. ಬೆಲ್ಟಿನ ಬಣ್ಣಕ್ಕೆ ಅಲ್ಲಿ ಕಾಲಂ ಇಲ್ಲ. ಅಷ್ಟೇ ಏಕೆ, ವಿಶ್ವ ಕರಾಟೆ ಫೆಡರೇಷನ್ ಸ್ಪರ್ಧೆಯ ಕಣಕ್ಕೆ ಇಳಿಯುವಾಗ ಒಬ್ಬರಿಗೆ ಕೆಂಪು, ಇನ್ನೊಬ್ಬರಿಗೆ ನೀಲಿ ಬೆಲ್ಟು. ಯಾರು ಯಾರು ಅಂತ ಗುರುತಿಗೆ ಅಷ್ಟೆ. ಟೋಕಿಯೋ ಒಲಿಂಪಿಕ್ಸಿನ ಕರಾಟೆ ಕಣದಲ್ಲಿ ಕಂಡದ್ದೂ ಇವೆರಡೇ ಬಣ್ಣ. ಎರಡನೇ ಭ್ರಮೆ, 'ಬ್ಲ್ಯಾಕ್ ಬೆಲ್ಟ್ ಆದವರು ಪೊಲೀಸ್ ಸ್ಟೇಷನ್ನಿನಲ್ಲಿ ಹೆಸರು ಬರೆಸಬೇಕು, ಕೈಯೇ ಆಯುಧ ಅಂತ ಕೇಸ್ ಆಗುತ್ತೆ' ಅನ್ನೋದು. ಅಂಥ ಕಾನೂನು ನಮ್ಮಲ್ಲಿಲ್ಲ. ಮೈ, ಆಸ್ತಿ ಕಾಪಾಡಿಕೊಳ್ಳೋ ಹಕ್ಕು ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಸೆಕ್ಷನ್‌ಗಳಲ್ಲಿದೆ. ರಕ್ಷಣೆಗೆ ಎಷ್ಟು ಬೇಕೋ ಅದಕ್ಕಿಂತ ಹೆಚ್ಚು ಹಾನಿ ಮಾಡಬಾರದು ಅಂತ 37ನೇ ಸೆಕ್ಷನ್ ಹೇಳುತ್ತೆ. ಕೈಯಲ್ಲಿ ಯಾವುದೇ ಬೆಲ್ಟು ಇಲ್ಲದ ಹುಡುಗಿಗೂ ಈ ಹಕ್ಕು ಅಷ್ಟೇ ಇದೆ.

ಆ ಹುಡುಗಿಯ ವಿಷಯಕ್ಕೇ ಬರೋಣ. ಮೇಲಿನ ಲೆಕ್ಕದ ಮೂವತ್ತೆಂಟು ಸಾವಿರ ಎಲ್ಲಿಂದಲೂ ಹೊಂದಿಸೋಕಾಗದ ಸರ್ಕಾರಿ ಶಾಲೆಯ ಹುಡುಗಿ. ಅವಳಿಗಾಗಿ ಸಮಗ್ರ ಶಿಕ್ಷಣದ ಅಡಿಯಲ್ಲಿ 'ರಾಣಿ ಲಕ್ಷ್ಮೀಬಾಯಿ ಆತ್ಮರಕ್ಷಾ ಪ್ರಶಿಕ್ಷಣ' ಅನ್ನೋ ಯೋಜನೆ ಇದೆ. 6ರಿಂದ 12ನೇ ತರಗತಿ ಹೆಣ್ಣುಮಕ್ಕಳಿಗೆ ಮೂರು ತಿಂಗಳ ತರಬೇತಿ. ಶಾಲೆಗೆ ತಿಂಗಳಿಗೆ 5,000 ರೂಪಾಯಿ, ಒಟ್ಟು 15,000. ಶಾಲೆಯಲ್ಲಿ 120 ಹುಡುಗಿಯರಿದ್ದರೆ ತಲೆಗೆ 125 ರೂಪಾಯಿ. ರಾಜ್ಯದ ಸಮಾಜ ಕಲ್ಯಾಣ ಇಲಾಖೆ ವಸತಿ ಶಾಲೆ, ಹಾಸ್ಟೆಲ್‌ಗಳ ಹುಡುಗಿಯರಿಗೆ ಅಂತ ಶುರು ಮಾಡಿದ ತರಬೇತಿಗೆ ಚಿತ್ರದುರ್ಗದ ಓಬವ್ವನ ಹೆಸರಿದೆ. ಓಬವ್ವ ಹಿಡಿದದ್ದು ಒನಕೆ. ಅಡುಗೆಮನೆಯಲ್ಲಿ ದಿನಾ ಎತ್ತಿ ಎತ್ತಿ ಕೈಗೆ ಕೂತಿದ್ದ ಸಾಧನ. ಮೂರು ತಿಂಗಳಲ್ಲಿ ಕೈಗೆ ಏನು ಕೂರುತ್ತೆ? ಬೆಲ್ಟ್ ಪದ್ಧತಿಯ ಲೆಕ್ಕದಲ್ಲಿ ಮೂರು ತಿಂಗಳು ಅಂದರೆ ಬಿಳಿಯಿಂದ ಹಳದಿಗೆ ಸಾಕಾಗೋ ಕಾಲ. ಮುಂದಿನ ವರ್ಷ ಮತ್ತೆ ಮೊದಲಿಂದ, ಅದೂ ಅನುದಾನ ಬಂದರೆ, ಮಾಸ್ಟರ್ ಸಿಕ್ಕರೆ. ಕಲಿಕೆಯನ್ನು ಮೆಟ್ಟಿಲು ಮಾಡಿ ಮೇಲೆ ಕರೆದೊಯ್ಯೋದು ಬೆಲ್ಟಿನ ಒಳ್ಳೆಯ ಗುಣ ಅಂದೆನಲ್ಲ, ಅದೇ ಇಲ್ಲಿ ಬಿಟ್ಟುಹೋಗಿದೆ. ಬಣ್ಣ ಬೇಕಿಲ್ಲ. ಎಂಟನೇ ಕ್ಲಾಸಿನಲ್ಲಿ ಕಲಿತದ್ದರ ಮುಂದಿನ ಪಾಠ ಒಂಬತ್ತನೇ ಕ್ಲಾಸಿನಲ್ಲಿ ಸಿಗಬೇಕು, ಅದನ್ನು ಹೇಳಿಕೊಡೋಕೆ ಸಾಧ್ಯವಾದರೆ ಒಬ್ಬ ಮಹಿಳಾ ತರಬೇತುದಾರರು ಇರಬೇಕು.

ತುಮಕೂರು, ಗುಬ್ಬಿ, ಕುಣಿಗಲ್ ಮೂರೂ ತುಮಕೂರು ದಕ್ಷಿಣ ಶೈಕ್ಷಣಿಕ ಜಿಲ್ಲೆಯಲ್ಲಿ ಬರುತ್ತವೆ. (ಶಿರಾ, ಪಾವಗಡ, ಕೊರಟಗೆರೆ ಕಡೆಯವರು ಮಧುಗಿರಿ ಶೈಕ್ಷಣಿಕ ಜಿಲ್ಲೆಯಲ್ಲಿ ಕೇಳಬೇಕು.) ಎಸ್‌ಡಿಎಂಸಿ ಸಭೆಯಲ್ಲಿ ಬಾಯಿ ಮಾತಲ್ಲೇ ಕೇಳಬಹುದು. ಉತ್ತರ ಬರದಿದ್ದರೆ ತಾಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗೆ ಮಾಹಿತಿ ಹಕ್ಕು ಅರ್ಜಿ ಹಾಕಬಹುದು: ಕಳೆದ ಮೂರು ವರ್ಷ ಯಾವ ಯಾವ ಶಾಲೆಗೆ ಆತ್ಮರಕ್ಷಣಾ ತರಬೇತಿಯ ಹಣ ಬಂತು, ಎಷ್ಟು ದಿನ ಕ್ಲಾಸು ನಡೆಯಿತು, ಹಾಜರಾತಿ ಎಷ್ಟು, ಕಲಿಸಿದವರ ಅರ್ಹತೆ ಏನು, ಅವರಲ್ಲಿ ಮಹಿಳೆಯರು ಎಷ್ಟು ಜನ. ಕರ್ನಾಟಕದ ನಿಯಮದಲ್ಲಿ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದ ಮೀರಬಾರದು, ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಇಷ್ಟನ್ನು ಕೇಳೋಕೆ ಐವತ್ತು ಪದ ಸಾಕು.